ತಾನೇ ಹಾಡು ಕಟ್ಟಿ ಹಾಡುವವರಿಗೆ ಏನನ್ನೋಣ?

ಗೆಳೆಯರೇ, ಅಮೆರಿಕದ ಕಂಟ್ರಿ ಸಂಗೀತದ ತಾರೆ ಡಾಲಿ ಪಾರ್ಟನ್ ಬಗ್ಗೆ ಒಂದು ಸಣ್ಣ ಪರಿಚಯ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ‘ಸಿಂಗರ್-ಸಾಂಗ್‌ರೈಟರ್’ ಅನ್ನೋದಕ್ಕೆ ಕನ್ನಡದಲ್ಲಿ ಯಾವ ಪದ?

‘ಗಾಯಕಿ ಮತ್ತು ಗೀತರಚನೆಕಾರ್ತಿ’ ಅಂತ ಬರೆದು ನೋಡಿದೆ. ತಪ್ಪೇನಿಲ್ಲ. ಆದರೆ ನಮ್ಮ ಸಿನಿಮಾದಿಂದಾಗಿ ಗೀತರಚನೆ ಅಂದರೆ ಬರೀ ಸಾಹಿತ್ಯ, ಟ್ಯೂನು ಇನ್ನೊಬ್ಬರದ್ದು ಅಂತಾಗಿಬಿಟ್ಟಿದೆ ಅಲ್ವಾ? ಡಾಲಿಯವರದ್ದು ಎರಡೂ ಒಟ್ಟಿಗೇ ಹುಟ್ಟುತ್ತವೆ. 1980ರಲ್ಲಿ ‘ನೈನ್ ಟು ಫೈವ್’ ಸಿನಿಮಾದ ಸೆಟ್ಟಿನಲ್ಲಿ ಸುಮ್ನೆ ಕೂತು ತಮ್ಮ ಉದ್ದದ ನಕಲಿ ಉಗುರುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದರಂತೆ. ಟೈಪ್‌ರೈಟರ್ ಥರ ಸದ್ದು ಬಂತು. ಅದೇ ತಾಳ ಹಿಡಿದು ಹಾಡು ಕಟ್ಟಿದರು. ರೆಕಾರ್ಡಿನಲ್ಲೂ ಆ ಉಗುರಿನ ಸದ್ದಿದೆ. 1981ರಲ್ಲಿ ಅದು ಅಮೆರಿಕದ ಕಂಟ್ರಿ, ಪಾಪ್ ಎರಡೂ ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೇರಿತು. ಇದನ್ನು ‘ಗೀತರಚನೆ’ ಅಂದರೆ ಉಗುರು ಬಿಟ್ಟುಹೋಗುತ್ತದೆ!

‘ಐ ವಿಲ್ ಆಲ್ವೇಸ್ ಲವ್ ಯೂ’ ಅಂದರೆ ಜಾಸ್ತಿ ಜನಕ್ಕೆ ನೆನಪಾಗೋದು 1992ರ ವಿಟ್ನಿ ಹ್ಯೂಸ್ಟನ್. ಕಟ್ಟಿದ್ದು ಡಾಲಿ, 1973ರಲ್ಲಿ. ತಮ್ಮನ್ನು ತನ್ನ ಟೀವಿ ಶೋಗೆ ಸೇರಿಸಿಕೊಂಡಿದ್ದ ಗಾಯಕ ಪೋರ್ಟರ್ ವ್ಯಾಗನರ್ ಅವರ ತಂಡ ಬಿಡುವಾಗ ಬರೆದ ಹಾಡು. ಮಧ್ಯೆ ರಾಕ್ ಗಾಯಕ ಎಲ್ವಿಸ್ ಪ್ರೆಸ್ಲಿ ಇದನ್ನು ಹಾಡಬೇಕೆಂದಿದ್ದರು. ಅವರ ಮ್ಯಾನೇಜರ್ ಹಾಡಿನ ಹಕ್ಕಿನಲ್ಲಿ ಅರ್ಧ ಪಾಲು ಕೇಳಿದ. ಡಾಲಿ ಕೊಡಲಿಲ್ಲ. ಹಾಗಾಗಿ ವಿಟ್ನಿ ಹಾಡಿದಾಗ ಕಟ್ಟಿದವರಿಗೆ ಬರಬೇಕಾದ ದುಡ್ಡು ಡಾಲಿಗೇ ಬಂತು. ಅದಕ್ಕೇ ನನಗೆ ‘ಗಾಯಕಿ’ ಅಂತ ಬರೆದು ಮುಗಿಸೋಕೆ ಮನಸ್ಸಿಲ್ಲ.

ಅರ್ಥದ ಮಟ್ಟಿಗೆ ‘ವಾಗ್ಗೇಯಕಾರ’ ಸರಿಯಾಗಿ ಕೂರುತ್ತದೆ. ಮಾತು, ಧಾತು (ಅಂದರೆ ಮಟ್ಟು) ಎರಡನ್ನೂ ಮಾಡುವವನು ಅಂತ ಹಳೆಯ ಸಂಗೀತಶಾಸ್ತ್ರ ಗ್ರಂಥ ಸಂಗೀತರತ್ನಾಕರವೇ ಹೇಳುತ್ತದೆ. ಆದರೆ ಆ ಪದ ಕೇಳಿದ ಕೂಡಲೇ ತಂಬೂರಿ ಹಿಡಿದ ಪುರಂದರದಾಸರು ಕಣ್ಣಮುಂದೆ ಬರುತ್ತಾರೆ. ಅವರ ಪಕ್ಕ ಹೊಂಬಣ್ಣದ ವಿಗ್ಗು, ಮಿಣಮಿಣ ಗೌನಿನ ಡಾಲಿಯನ್ನು ಕೂರಿಸಿದರೆ ನನಗೇ ನಗು ಬರುತ್ತದೆ. ಜೊತೆಗೆ ‘ವಾಗ್ಗೇಯಕಾರ್ತಿ’ ಅನ್ನುವಷ್ಟರಲ್ಲಿ ನಾಲಿಗೆ ತೊಡರುತ್ತದೆ.

ಇನ್ನೊಂದು ‘ಪದಕಾರ್ತಿ’. ತತ್ವಪದಕಾರ ಅನ್ನೋದು ಬಳಕೆಯಲ್ಲಿದೆ, ಉತ್ತರ ಕರ್ನಾಟಕದಲ್ಲಿ ಪದ ಅಂದರೆ ಹಾಡೇ. ಆದರೆ ಬೆಂಗಳೂರಿನ ಗೆಳೆಯನಿಗೆ ಹೇಳಿದರೆ, “ಯಾವುದರಲ್ಲಿ ಪದಕ ಗೆದ್ದಿದ್ದಾರೆ?” ಅಂದ.

‘ಕಂಟ್ರಿ’ಗೂ ತಡಕಾಡಿದೆ. ಟೆನೆಸಿಯ ಗುಡ್ಡಗಾಡಿನ ಬಡ ಮನೆ, ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು, ಹೆರಿಗೆ ಮಾಡಿಸಿದ ಡಾಕ್ಟರಿಗೆ ಅಪ್ಪ ಕೊಟ್ಟ ಫೀಸು ಒಂದು ಚೀಲ ಮೆಕ್ಕೆಜೋಳದ ಹಿಟ್ಟು. ಇದನ್ನೆಲ್ಲ ಓದಿದರೆ ‘ಹಳ್ಳಿ ಹಾಡು’ ಅನ್ನೋಣ ಅನಿಸುತ್ತದೆ. ಆದರೆ ಇದು ನ್ಯಾಶ್‌ವಿಲ್‌ನ ಸ್ಟುಡಿಯೋಗಳಲ್ಲಿ ಬೆಳೆದ ದೊಡ್ಡ ವ್ಯಾಪಾರ. ಹಾಡಿಗೆ ಕರ್ತೃವಿದ್ದಾರೆ, ಹಕ್ಕಿದೆ. ಜಾನಪದ ಅನ್ನೋಕಾಗಲ್ಲ. ಕಂಟ್ರಿ ಅಂತಲೇ ಬಿಟ್ಟೆ. ಅಮ್ಮ ಓದಿ, “ಕಂತ್ರಿ ಹಾಡಾ?” ಅಂದರು. ಕಂತ್ರಿ ನಾಯಿಯ ಕಂತ್ರಿಯೂ ಈ ಕಂಟ್ರಿಯೇ ಅಂತಾರಲ್ಲ, ಅಮ್ಮನದ್ದೂ ಪೂರ್ತಿ ತಪ್ಪಲ್ಲ.

ಸದ್ಯಕ್ಕೆ ‘ಹಾಡು ಕಟ್ಟಿ ಹಾಡುವವರು’ ಅಂತ ಹಾಕಿದ್ದೇನೆ. ‘ಕಟ್ಟು’ ಅಂದರೆ ಮಾತೂ ಬಂತು, ಮಟ್ಟೂ ಬಂತು. ಆದರೆ ಮೂರು ಪದವಾಯಿತು, ಒಂದೇ ಬೇಕು. ನಿಮ್ಮೂರ ಕಡೆ ತಾನೇ ಪದ ಕಟ್ಟಿ ಹಾಡುವ ಹೆಂಗಸಿಗೆ ಏನಂತಾರೆ?