ಹೆರಿಗೆ ಮಾಡಿಸೋ ಸಿಸ್ಟರ್ ಆಗ್ಬೇಕು, ಯಾವ ಡಿಗ್ರಿಗೆ ಸೇರ್ಲಿ?

ಘಟಪ್ರಭಾ ದಂಡಿ (ಮುಧೋಳ)

ಎಲ್ಲಾರಿಗೂ ನಮಸ್ಕಾರ್ರೀ. ನಾನು ಮುಧೋಳ ತಾಲೂಕಿನಾಕಿ, ಸೆಕೆಂಡ್ ಪಿಯುಸಿ ಸೈನ್ಸ್, ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ಐತಿ. ನಮ್ಮವ್ವ ಆಶಾ ಕಾರ್ಯಕರ್ತೆ. ಸಂಜಿಮುಂದ ಅಕಿಗೆ ಕಣ್ಣು ಸರಿ ಕಾಣಂಗಿಲ್ಲ, ಅದಕ ಎಂಟನೇ ಕ್ಲಾಸಿಂದ ಅಕಿ ರಿಜಿಸ್ಟರ್ ನಾನ ತುಂಬ್ಕೊಂತ ಬಂದೀನಿ, ಯಾರಿಗೆ ಎಷ್ಟರಾಗ ಬಿದ್ದಾವು, ಯಾರ ಎಚ್‌ಬಿ (ರಕ್ತದಾಗಿನ ಹಿಮೋಗ್ಲೋಬಿನ್) ಎಷ್ಟು, ಯಾರ ಡೇಟ್ ಯಾವಾಗ, ತಾಯಿ ಕಾರ್ಡ್ ನೋಡಿ ನೋಡಿ ಬಾಯಿಪಾಠ ಆಗೇತಿ. ಹೋದ ವರ್ಷ ನಡುರಾತ್ರಿ ಒಬ್ಬಾಕಿಗೆ ಬ್ಯಾನಿ ಸುರು ಆದಾಗ 108 ಗಾಡಿಯಾಗ ಅವ್ವನ ಜೋಡಿ ನಾನೂ ಹೋಗಿದ್ದೆ. ಡ್ಯೂಟಿ ಮ್ಯಾಲೆ ಇದ್ದವ್ರು ಒಬ್ಬರ ಸಿಸ್ಟರ್, ಹೊರಗ ಬೆಂಚಿನ ಮ್ಯಾಲೆ ಕುಂತು ಅವ್ರ ದನಿ ಒಂದ ಕೇಳ್ತಿದ್ದೆ, ಒಮ್ಮೆನೂ ಬೈಲಿಲ್ಲ, ಉಸಿರು ಬಿಡವ್ವ ಉಸಿರು ಬಿಡು ಅಂತ ಅಷ್ಟ. ಆಮ್ಯಾಲೆ ಕೂಸಿನ ದನಿ. ಅವತ್ತಿಂದ ನಂಗ ಬ್ಯಾರೆ ಕೆಲಸ ಮನಸ್ಸಿಗೆ ಬರವಲ್ದು.

ಈಗ ಕೇಳೂದು ಏನಂದ್ರ ಮಿಡ್‌ವೈಫ್, ಅಂದ್ರ ಹೆರಿಗೆ ಮಾಡಿಸಾಕಿ, ಅಂತ ಬ್ಯಾರೆ ಡಿಗ್ರಿ ಐತೇನ್ರೀ? ಒಬ್ರು ಎಎನ್‌ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್ ಕೋರ್ಸ್) ಸಾಕಂತಾರ, ಲೆಕ್ಚರರ್ ಬಿಎಸ್ಸಿ ನರ್ಸಿಂಗ್ ಮಾಡು ಅಂತಾರ, ಅಪ್ಪ ಎರಡು ವರ್ಷದಾಗ ಮುಗಿಯೂದು ಬಿಟ್ಟು ನಾಕು ವರ್ಷ ಯಾಕ ಅಂತಾನ. ನಂದು ಹತ್ತನೇತನಕ ಕನ್ನಡ ಮೀಡಿಯಂ, ಅದೂ ಒಂದು ಅಂಜಿಕಿ ಐತಿ.

ಲೇಬರ್ ರೂಮ್ ಸಿಸ್ಟರ್ (ಬೆಳಗಾವಿ)

ತಂಗಿ, ನಮ್ಮ ಕಡೆ ಪಿಯುಸಿ ಮುಗಿಸಿ ಮಿಡ್‌ವೈಫರಿ ಓದಬೇಕಂದ್ರ ನರ್ಸಿಂಗ್ ದಾರಿಲೇ ಹೋಗಬೇಕು, ಅದರ ಒಳಗನ ಇದು ಬರ್ತೈತಿ. ಎಎನ್‌ಎಂ 2 ವರ್ಷ, ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತ ಮಿಡ್‌ವೈಫರಿ) 3 ವರ್ಷ, ಇವು ಡಿಗ್ರಿ ಅಲ್ಲ. ಬಿಎಸ್ಸಿ ನರ್ಸಿಂಗ್ 4 ವರ್ಷ, ಅದು ಡಿಗ್ರಿ. ಜಿಎನ್‌ಎಂ ಆಗಲಿ ಬಿಎಸ್ಸಿ ಆಗಲಿ ಮುಗಿಸಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಾಗ ಹೆಸರು ಹಚ್ಚಿದ್ರ ನರ್ಸ್ ಅಂತನೂ ಮಿಡ್‌ವೈಫ್ ಅಂತನೂ ಎರಡೂ ನೋಂದಣಿ ಆಗ್ತೈತಿ, ಆರ್‌ಎನ್‌ಆರ್‌ಎಂ ಅಂತಾರಲ್ಲ ಅದ. ಎಎನ್‌ಎಂ ಮಾಡಿದವ್ರು ಊರಾಗ ಸಬ್‌ಸೆಂಟರ್‌ನಾಗ ಎಷ್ಟು ಕೆಲಸ ಮಾಡ್ತಾರ ನಿಮ್ಮವ್ವನ್ನ ಕೇಳಿದ್ರ ಗೊತ್ತಾಗ್ತೈತಿ, ಅದು ಸಣ್ಣ ಕೆಲಸ ಅಲ್ಲ. ಆದ್ರ ನಿಂಗ ಪಿಸಿಬಿ ಐತಿ, ಮುಂದ ಎಂಎಸ್ಸಿ ಒಬಿಜಿ (ಹೆರಿಗೆ ಮತ್ತ ಸ್ತ್ರೀರೋಗ) ನರ್ಸಿಂಗ್ ಮಾಡೂ ಬಾಗಿಲಾನೂ ತಗದಿರಬೇಕಂದ್ರ ಬಿಎಸ್ಸಿನ ಮಾಡು. ಇನ್ನೊಂದು, 2018ರಾಗ ಕೇಂದ್ರ ಸರ್ಕಾರ ಮಿಡ್‌ವೈಫರಿ ಮಾರ್ಗಸೂಚಿ ತಂತು, ಅದರಾಗ ನರ್ಸ್ ಪ್ರ್ಯಾಕ್ಟಿಷನರ್ ಇನ್ ಮಿಡ್‌ವೈಫರಿ ಅಂತ 18 ತಿಂಗಳ ಕೋರ್ಸ್ ಐತಿ, ನರ್ಸ್ ಆಗಿ ಕೆಲಸ ಮಾಡಿದ ಅನುಭವ ಇದ್ದವ್ರಿಗೆ. ನಾರ್ಮಲ್ ಹೆರಿಗೆ ಪೂರಾ ಸ್ವಂತ ಜವಾಬ್ದಾರಿಲೆ ನೋಡ್ಕೊಳ್ಳೂವಂಥಾ ತರಬೇತಿ ಅದು. ನಿನ್ನ ಮನಸ್ಸಿನಾಗ ಇರೂದು ಅದ ಅನ್ನಸ್ತೈತಿ ನಂಗ.

ಆದ್ರ ಒಂದು ಮೊದಲ ಹೇಳಿಬಿಡ್ತೀನಿ. ಬಿಎಸ್ಸಿಗೆ ಸೇರಿದ ಕೂಡ್ಲೆ ಹೆರಿಗೆ ವಾರ್ಡ್ ಸಿಗಂಗಿಲ್ಲ. ಈಗಿನ ಸಿಲೆಬಸ್‌ನಾಗ ಮಿಡ್‌ವೈಫರಿ ಬರೂದು 6ನೇ ಮತ್ತ 7ನೇ ಸೆಮಿಸ್ಟರ್‌ಗೆ, 8ನೇದು ಇಂಟರ್ನ್‌ಶಿಪ್. ಅಲ್ಲೀತನಕ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಬೆಡ್ ಹಾಸೂದು, ಬಿಪಿ ನೋಡೂದು. ಹೆರಿಗೆ ಸಲುವಾಗಿ ಬಂದ ಹುಡುಗ್ಯಾರು ಇಲ್ಲೇ ಬ್ಯಾಸರಾಗ್ತಾರ, ನೀ ಆಗಬ್ಯಾಡ. ಹೆರಿಗೆ ಆದ ಮ್ಯಾಲೆ 500 ಎಂಎಲ್ ರಕ್ತ ಹೋದ್ರ ಪಿಪಿಎಚ್ (ಹೆರಿಗೆ ನಂತರದ ಅತಿ ರಕ್ತಸ್ರಾವ) ಅಂತ ಬುಕ್ಕಿನಾಗ ಐತಿ, ಆದ್ರ ಮೊದಲ ರಕ್ತ ಕಡಿಮಿ ಇದ್ದು ಎಚ್‌ಬಿ 6 ಇದ್ದಾಕಿಗೆ ಅಷ್ಟು ಹೋಗೂತನಕ ಕಾದು ನಿಂತ್ರ ಕೈ ಮೀರ್ತೈತಿ. ಹಿಂಗ್ಯಾಕ ಅನ್ನೂದು ಆ ಫಿಸಿಯಾಲಜಿ ಬುಕ್ಕಿನಾಗನ ಐತಿ.

ಕಾಲೇಜ್ ಆರಿಸುವಾಗ ಬಿಲ್ಡಿಂಗ್, ಬಸ್ಸು, ಯೂನಿಫಾರ್ಮ್ ಆಮ್ಯಾಲೆ ನೋಡು, ಮೊದಲು ನಿಮ್ಮನ್ನ ಲೇಬರ್ ರೂಮಿಗೆ ಎಲ್ಲಿ ಕಳಸ್ತಾರ, ಅಲ್ಲಿ ದಿನಾ ಎಷ್ಟು ಹೆರಿಗೆ ಆಗ್ತಾವ ಕೇಳು. ನಾ ಓದುವಾಗ ದೊಡ್ಡ ಆಸ್ಪತ್ರಿಯೊಳಗ ಪಿಜಿ ಡಾಕ್ಟ್ರು, ಇಂಟರ್ನ್‌ಗಳು ಟೇಬಲ್ ಸುತ್ತ ನಿಂತ್ರ ನಾವು ನರ್ಸಿಂಗ್ ಹುಡುಗ್ಯಾರು ಗ್ವಾಡಿ ಹಚ್ಚಿ ನಿಲ್ತಿದ್ವಿ, ಪೋಸ್ಟಿಂಗ್ ಮುಗಿಯಾಕ ಬಂದ್ರೂ ನನ್ನ ಕೈಯಾಗ ಒಂದು ಕೂಸು ಬಂದಿರ್ಲಿಲ್ಲ, ಬರೇ ರೆಕಾರ್ಡ್ ಬರದಿದ್ದೆ. ತಾಲೂಕಾ ಆಸ್ಪತ್ರಿಗೆ ಹಾಕಿದ ಮ್ಯಾಲೆನ ನಾ ಕಲ್ತದ್ದು. ಅಲ್ಲಿ ಹಿರಿ ಸಿಸ್ಟರ್ ಒಬ್ರಿದ್ರು, ಮೊದಲ ದಿನ ನನ್ನ ಕೈ ಮುಟ್ಟಿ ನೋಡಿ, ತಣ್ಣಗದಾವ, ತಿಕ್ಕಿ ಬೆಚ್ಚಗ ಮಾಡ್ಕೊ, ಇಲ್ಲಂದ್ರ ಹೊಟ್ಟಿ ಬಿಗಿ ಹಿಡಿತೈತಿ ಅಂದ್ರು. ಆ ಹೆಣ್ಮಗಳನ್ನ ಬಾತ್‌ರೂಮಿಗೆ ಕಳಿಸಿ ಬಂದ ಮ್ಯಾಲೆ ಮಲಗಿಸಿ ನನ್ನ ಎರಡೂ ಕೈ ಹೊಟ್ಟಿ ಮ್ಯಾಲೆ ಇಡಿಸಿದ್ರು. ಮ್ಯಾಲೆ ಮೆತ್ತಗ, ಅದು ಕೂಸಿನ ಕುಂಡಿ. ಒಂದು ಬಾಜೂ ಹಲಗಿ ಹಂಗ ಸಪಾಟ, ಬೆನ್ನು. ಈ ಬಾಜೂ ಗಂಟು ಗಂಟು, ಕೈಕಾಲು. ಕೆಳಗ ಗುಂಡಗ, ಗಟ್ಟಿ, ತಲಿ. ಬೆನ್ನಿನ ಬಾಜೂ ಫೀಟೋಸ್ಕೋಪ್ (ಕಿವಿ ಹಚ್ಚಿ ಕೇಳೂ ನಳಗಿ) ಇಟ್ಟು ಪೂರಾ ಒಂದು ನಿಮಿಷ ಗಡಿಯಾರ ನೋಡಿ ಕೂಸಿನ ಎದಿಬಡಿತ ಎಣಸಂದ್ರು, 142 ಬಂತು. 110ರಿಂದ 160 ನಾರ್ಮಲ್ ಅಂತ ನಾ ನೂರು ಸಲ ಬರದಿದ್ದೆ, ಕಿವಿಲೆ ಕೇಳಿದ್ದು ಅವತ್ತ ಮೊದಲು. ಎದಿಬಡಿತ ಕೇಳಸೂ ಡಾಪ್ಲರ್ ಮಷಿನ್ ಇದ್ರೂ ಇವತ್ತಿಗೂ ನಾ ಮೊದಲು ಕೈ ಇಟ್ಟ ನೋಡ್ತೀನಿ.

ಜಿಎನ್‌ಎಂ ಅಕ್ಕ (ವಿಜಯಪುರ)

ಸಿಸ್ಟರ್ ಹೇಳಿದ್ದು ಖರೆ ಅದ, ಆದ್ರ ಮನಿ ಪರಿಸ್ಥಿತಿನೂ ನೋಡ್ಕೋಬೇಕಲ್ಲ. ನಾ ಜಿಎನ್‌ಎಂ ಮಾಡಿ ಕೆಲಸಕ್ಕ ಹತ್ತಿ, ತಮ್ಮನ ಓದು ಮುಗಿಸಿ, ಆಮ್ಯಾಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡ್ದೆ. ಲೇಟಾತು, ಆದ್ರ ಡಿಗ್ರಿ ಬಂತು. ಹಂಗಾಗಿ ಅಪ್ಪ ಒಪ್ಪಲಿಲ್ಲ ಅಂದ್ರ ಎಲ್ಲಾ ಮುಗೀತು ಅಂತ ಅಳ್ಕೊಂತ ಕೂಡಬ್ಯಾಡ ತಂಗಿ. ಇನ್ನೊಂದು ಮಾತು, ಅಡ್ಮಿಷನ್‌ಗೆ ಮೊದಲು ನಾಕೂ ವರ್ಷದ ಫೀ, ಹಾಸ್ಟೆಲ್, ಪರೀಕ್ಷಾ ಫೀ ಎಲ್ಲಾ ಹಾಳಿ ಮ್ಯಾಲೆ ಬರಸ್ಕೊ. ನನ್ನ ಕಾಲೇಜಿನವ್ರು ನಡುವ ಹೆಚ್ಚಿಗಿ ರೊಕ್ಕ ಕೇಳಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಂಡಿದ್ರು, ಅಪ್ಪ ಆಕಳಾ ಮಾರಿ ಬಿಡಿಸ್ಕೊಂಡು ಬಂದ. ಅದು ನೆನಸಿದ್ರ ಈಗೂ ಹೊಟ್ಟಿ ಉರಿತದ.

ಬಿಎಸ್ಸಿ ಥರ್ಡ್ ಇಯರ್ (ಬಾಗಲಕೋಟೆ)

ನಾ ಹುಡುಗ, ನಮಗೂ ಇದ ಮಿಡ್‌ವೈಫರಿ ಸಬ್ಜೆಕ್ಟ್ ಐತಿ. ಕನ್ನಡ ಮೀಡಿಯಂದಿಂದನ ಬಂದಾಂವ. ಫಸ್ಟ್ ಸೆಮ್ ಕಷ್ಟ ಆಕ್ಕೈತಿ, ಸುಳ್ಳ ಹೇಳೂದಿಲ್ಲ, ಕ್ಲಾಸಿನಾಗ ಅರ್ಧ ತಿಳಿತಿರ್ಲಿಲ್ಲ. ಶಬ್ದ ಒಡದು ಓದಾಕ ಕಲಿ, ಹೈಪರ್ ಅಂದ್ರ ಹೆಚ್ಚು, ಹೈಪೊ ಅಂದ್ರ ಕಡಿಮಿ, ಹೆಮೊ ಅಂದ್ರ ರಕ್ತ, ಹಿಂಗ ಒಂದು ಸಣ್ಣ ನೋಟ್‌ಬುಕ್ ಇಟ್ರ ಎರಡು ತಿಂಗಳದಾಗ ದಾರಿಗೆ ಬರ್ತಿ. ರಾಜೀವ್ ಗಾಂಧಿ ಯೂನಿವರ್ಸಿಟಿ ಹಳೆ ಕ್ವಶ್ಚನ್ ಪೇಪರ್ ಬಿಡಿಸು. ಮತ್ತ ಸೀಟಿಗೆ ಕೆಸಿಇಟಿ (ರಾಜ್ಯದ ಪ್ರವೇಶ ಪರೀಕ್ಷಾ) ಬರೀಬೇಕು, ಅದನ್ನ ನಡಸೂ ಕೆಇಎ ಅರ್ಜಿ ತುಂಬುವಾಗ ನರ್ಸಿಂಗ್ ಹಾಕೂದು ಮರೀಬ್ಯಾಡ. ಪಿಸಿಬಿ ಮೂರೂ ಕೂಡಿ 45 ಪರ್ಸೆಂಟ್ ಬೇಕು, ಎಸ್‌ಸಿ ಎಸ್‌ಟಿಗೆ 40, ಇಂಗ್ಲಿಷ್ ಪಾಸ್ ಆಗಿರಬೇಕು.

ಗೋಕಾಕದಾಕಿ

ನಾ ಈಗ ಇಂಗ್ಲೆಂಡ್‌ನಾಗ ನರ್ಸ್. ಇಲ್ಲಿ ಮಿಡ್‌ವೈಫರಿ ಬ್ಯಾರೆ 3 ವರ್ಷದ ಡಿಗ್ರಿ ಐತಿ, ನರ್ಸಿಂಗ್ ಮಾಡಿರಬೇಕಂತ ಇಲ್ಲ, ಓದುವಾಗನ 40 ಹೆರಿಗೆ ಸ್ವಂತ ಮಾಡಿಸಿರಬೇಕು. ನಂದು ಊರಾಗ ಆರ್‌ಎನ್‌ಆರ್‌ಎಂ ಇದ್ರೂ ಇಲ್ಲಿ ನರ್ಸ್ ಅಂತ ಅಷ್ಟ ನೋಂದಣಿ, ಮಿಡ್‌ವೈಫ್ ಆಗಾಕ ಬ್ಯಾರೆ ಪರೀಕ್ಷಾ ಐತಿ. ಹೊರದೇಶದ ಆಸೆಗೆ ಮಿಡ್‌ವೈಫರಿ ತಗೊಂಡ್ರ ಇದು ಗೊತ್ತಿರ್ಲಿ.

ಘಟಪ್ರಭಾ ದಂಡಿ (ಮುಧೋಳ)

ಎಲ್ಲಾರಿಗೂ ಭಾಳ ಉಪಕಾರ ಆತ್ರೀ. ಅವ್ವಗ ಎಲ್ಲಾ ಓದಿ ಹೇಳ್ದೆ, ಎಚ್‌ಬಿ 6ರ ಮಾತು ಬಂದಾಗ ಅಕಿ ನಡುವ ತಡದು ಎರಡನೇ ಸಲ ಓದಿಸ್ಕೊಂಡ್ಳು, ನಮ್ಮೂರಾಗ ಈಗ ಅಂಥಾಕಿ ಒಬ್ಬಾಕಿ ಅದಾಳ, ಎಂಟರಾಗ ಬಿದ್ದಾವು. ಅಪ್ಪ ಇನ್ನೂ ಹೂಂ ಅಂದಿಲ್ಲ, ಕೆಸಿಇಟಿ ಬರಿ ನೋಡೂಣು ಅಂದಾನ. ಸಿಸ್ಟರ್, ಬೆಳಗಾವಿಯಾಗ ಓದಿದ್ರ ಮರಾಠಿ ಬರಲೇಬೇಕೇನ್ರೀ?

ಲೇಬರ್ ರೂಮ್ ಸಿಸ್ಟರ್ (ಬೆಳಗಾವಿ)

ಬರಲಿಲ್ಲಂದ್ರೂ ನಡಿತೈತಿ, ವಾರ್ಡಿನಾಗ ಹತ್ತು ಮಾತು ಕಲ್ತ್ರ ಸಾಕು, ಬ್ಯಾನಿಗೆ ಕಳಾ ಅಂತಾರ, ಅದು ಮೊದಲು ಕಲಿ. ಅದು ಇರ್ಲಿ, ಆ ಎಂಟು ತಿಂಗಳದಾಕಿನ್ನ ಈ ವಾರನ ದೊಡ್ಡ ಆಸ್ಪತ್ರಿಗೆ ಕರ್ಕೊಂಡು ಹೋಗಾಕ ಅವ್ವಗ ಹೇಳು, ಐರನ್ ಗುಳಗಿ ಮ್ಯಾಲೆ ಬಿಡಬ್ಯಾಡ್ರಿ, ಎಚ್‌ಬಿ 6 ಅಂದ್ರ ಅಡ್ಮಿಟ್ ಮಾಡಿ ರಕ್ತ ಏರಿಸಬೇಕಾಗಬಹುದು. ಹೆರಿಗಿನೂ ರಕ್ತ ಇರೂ ಆಸ್ಪತ್ರಿಯಾಗನ ಆಗ್ಲಿ. ಏನಾತು ಅಂತ ಇಲ್ಲಿ ಬರಿ, ನಾ ನೋಡ್ಕೊಂತ ಇರ್ತೀನಿ.