ತಲೆ ಕೂಡಿದ ಅವಳಿಗಳಲ್ಲಿ ಕೆಲವರನ್ನು ಮಾತ್ರ ಬೇರ್ಪಡಿಸುವುದೇಕೆ?

ಪ್ರಶ್ನೆ:
2007ರ ನವೆಂಬರ್‌ನಲ್ಲಿ ನಾಲ್ಕು ಕೈ, ನಾಲ್ಕು ಕಾಲುಗಳೊಂದಿಗೆ ಹುಟ್ಟಿದ್ದ ಬಿಹಾರದ ಹೆಣ್ಣುಮಗುವಿಗೆ ಬೆಂಗಳೂರಿನಲ್ಲಿ 27 ಗಂಟೆಗಳ ಶಸ್ತ್ರಚಿಕಿತ್ಸೆ ನಡೆದಾಗ ನಮ್ಮ ಮನೆಯವರೆಲ್ಲ ಟಿವಿಯ ಮುಂದೆಯೇ ಕುಳಿತಿದ್ದೆವು. 2017ರಲ್ಲಿ ದೆಹಲಿಯ ಏಮ್ಸ್ ವೈದ್ಯರು ಒಡಿಶಾದ ಕಂಧಮಾಲ್ ಜಿಲ್ಲೆಯ, ತಲೆ ಕೂಡಿಕೊಂಡಿದ್ದ ಗಂಡುಮಕ್ಕಳನ್ನು ಬೇರ್ಪಡಿಸಿದರು. ಹಾಗಿದ್ದರೂ 2003ರಲ್ಲಿ ಹೀಗೆಯೇ ಹುಟ್ಟಿದ ತೆಲಂಗಾಣದ ಸಹೋದರಿಯರು ಕೂಡಿಯೇ ಬೆಳೆದು, ಕೂಡಿಯೇ ಹತ್ತನೆಯ ತರಗತಿಯ ಪರೀಕ್ಷೆ ಬರೆದರು. ಈ ವ್ಯತ್ಯಾಸಕ್ಕೆ ಕಾರಣವೇನು?

ಉತ್ತರ 1:
ಅರಿವಳಿಕೆ ವಿಭಾಗದಲ್ಲಿ ದುಡಿದ ಅನುಭವದಿಂದ ಬರೆಯುತ್ತಿದ್ದೇನೆ. ಬೆಂಗಳೂರಿನ ಪ್ರಕರಣವನ್ನು ಈ ಸಾಲಿಗೆ ಸೇರಿಸಬಾರದು. ಅಲ್ಲಿ ಸೊಂಟದ ಬಳಿ ಕೂಡಿಕೊಂಡಿದ್ದ ಎರಡನೆಯ ದೇಹಕ್ಕೆ ತಲೆಯೇ ಇರಲಿಲ್ಲವಾದ್ದರಿಂದ ಉಳಿಸಬೇಕಿದ್ದದ್ದು ಒಂದೇ ಜೀವ. ತಲೆ ಕೂಡಿದವರಲ್ಲಿ ಕಷ್ಟ ಬರುವುದು ಮೂಳೆಯಿಂದಲ್ಲ, ಅಭಿಧಮನಿಗಳಿಂದ. ಮಿದುಳಿಗೆ ಹೋದ ರಕ್ತ ನೆತ್ತಿಯ ಕೆಳಗಿನ ದೊಡ್ಡ ನಾಳದ ಮೂಲಕ ಹೃದಯಕ್ಕೆ ಮರಳಬೇಕು. ಇಬ್ಬರಿಗೂ ಆ ನಾಳ ಒಂದೇ ಆಗಿದ್ದರೆ, ಅದನ್ನು ಒಬ್ಬರಿಗೆ ಬಿಟ್ಟುಕೊಟ್ಟ ಕ್ಷಣದಿಂದ ಇನ್ನೊಬ್ಬರ ಮಿದುಳಿನಲ್ಲಿ ರಕ್ತ ಹೊರದಾರಿಯಿಲ್ಲದೆ ನಿಂತು, ಮಿದುಳು ಬಾತುಕೊಂಡು, ರಕ್ತಸ್ರಾವವಾಗುತ್ತದೆ. ಆದ್ದರಿಂದಲೇ ಏಮ್ಸ್‌ನಲ್ಲಿ ಒಂದೇ ಸಲಕ್ಕೆ ಕತ್ತರಿಸಲಿಲ್ಲ: ಆಗಸ್ಟ್ 28ರಂದು ನಾಳಗಳಿಗೆ ಬದಲಿ ದಾರಿ ಮಾಡಿಕೊಟ್ಟು, ರಕ್ತ ಆ ದಾರಿಗೆ ಒಗ್ಗಿಕೊಳ್ಳಲು ಸಮಯ ಬಿಟ್ಟು, ಅಕ್ಟೋಬರ್ 25ರಂದು ಬೇರ್ಪಡಿಸಿದರು. ಎಳೆಯ ಮಕ್ಕಳ ದೇಹ ಇಂಥ ಹೊಸ ದಾರಿಗಳನ್ನು ಬೆಳೆಸಿಕೊಳ್ಳಬಲ್ಲದು. ವಯಸ್ಸು ಏರಿದಂತೆ ಆ ಶಕ್ತಿ ಕುಗ್ಗುತ್ತದೆ. ಇರಾನಿನ 29 ವರ್ಷದ ಬಿಜಾನಿ ಸಹೋದರಿಯರು, ಇಬ್ಬರೂ ಕಾನೂನು ಓದಿದವರು, ಅಪಾಯವನ್ನೆಲ್ಲ ತಿಳಿದೇ ಒಪ್ಪಿಗೆ ಕೊಟ್ಟು 2003ರ ಜುಲೈನಲ್ಲಿ ಸಿಂಗಪುರದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಎರಡು ದಿನಗಳ ಪ್ರಯತ್ನದ ಬಳಿಕ, ಜುಲೈ 8ರಂದು, ರಕ್ತಸ್ರಾವದಿಂದ ಇಬ್ಬರೂ ತೀರಿಕೊಂಡರು. ಅವರ ನೆನಪಾದಾಗ ಇಂದಿಗೂ ನನಗೆ ಸಂಕಟವಾಗುತ್ತದೆ.

ಉತ್ತರ 2:
ನಾಳಗಳ ವಿಷಯ ಒಪ್ಪುತ್ತೇನೆ, ಆದರೆ ಒಪ್ಪಿಗೆ ಕೊಡಲಾಗದ ಶಿಶುಗಳ ಪಾಲಿಗೆ ನಿರ್ಧಾರ ಯಾರದು ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ. 2000ದಲ್ಲಿ ಮಾಲ್ಟಾ ಮೂಲದ ದಂಪತಿಯ ಅವಳಿಗಳಲ್ಲಿ ಒಬ್ಬಳ ಹೃದಯವೇ ಇಬ್ಬರನ್ನೂ ಬದುಕಿಸುತ್ತಿತ್ತು. ಬೇರ್ಪಡಿಸಿದರೆ ಮತ್ತೊಬ್ಬಳು ಸಾಯುವುದು ಖಚಿತವೆಂದು ಹೆತ್ತವರು ಬೇಡವೆಂದರೂ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಅನುಮತಿ ನೀಡಿತು. ಮ್ಯಾಂಚೆಸ್ಟರಿನಲ್ಲಿ ನವೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆ ನಡೆದು ಒಬ್ಬಳು ಉಳಿದಳು. ತೀರ್ಪು ಸರಿಯೆಂದೇ ನನ್ನ ಭಾವನೆ, ಆದರೆ ಆ ತಾಯಿಗೆ ಹಾಗೆಂದು ಹೇಳುವ ಧೈರ್ಯ ನನಗಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಒಡಿಶಾದ ಆ ಮಕ್ಕಳು ಈಗ ಹೇಗಿದ್ದಾರೆ?

ಉತ್ತರ 1:
ಒಬ್ಬ 2020ರ ನವೆಂಬರ್‌ನಲ್ಲಿ ಕಟಕ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ. ಬೇರ್ಪಟ್ಟ ಮೇಲೆ ಮೂರು ವರ್ಷ ಬದುಕಿದ್ದ.