ಸೋಹೋದಲ್ಲಿ ಕ್ರೋನಟ್ ತಿಂದೆ, ಹೊಗಳಿದ್ದು ಸುಳ್ಳಲ್ಲ

ಜರ್ಸಿ ಕನ್ನಡತಿ: ನ್ಯೂಯಾರ್ಕಿನ ಪಕ್ಕದಲ್ಲೇ ಇದ್ದರೂ ಇಷ್ಟು ವರ್ಷ ತಿಂದಿರಲಿಲ್ಲ. ಕೊನೆಗೂ ಅಲ್ಲಿನ ಸೋಹೋ ಬಡಾವಣೆಯ ಸ್ಪ್ರಿಂಗ್ ಸ್ಟ್ರೀಟಿನಲ್ಲಿರುವ ಡೊಮಿನಿಕ್ ಆನ್ಸೆಲ್ ಬೇಕರಿಗೆ ಹೋದೆ. 2013ರ ಮೇ ತಿಂಗಳಲ್ಲಿ ಕ್ರೋನಟ್ ಮೊದಲು ಮಾರಾಟಕ್ಕೆ ಬಂದದ್ದು ಇಲ್ಲೇ. ಕ್ರೊಸಾಂಟ್ ಎಂಬ ಬೆಣ್ಣೆ ಬನ್ನಿನಂಥ ಪದರ, ಡೋನಟ್ಟಿನ ಆಕಾರ, ಎಣ್ಣೆಯಲ್ಲಿ ಕರಿದದ್ದು. ಒಳಗೆ ಕ್ರೀಮು, ಅಂಚಿಗೆಲ್ಲ ಸಕ್ಕರೆ, ನೆತ್ತಿಗೆ ಗ್ಲೇಜು ಎಂಬ ಸಿಹಿ ಲೇಪ. ಹಲ್ಲೂರಿದ ಕೂಡಲೇ ಹೊರಗಿನ ಪದರ ಗರಕ್ಕೆಂದಿತು, ಒಳಗಿನದು ಎಳೆ ಎಳೆಯಾಗಿ ಮೆತ್ತಗೆ ಬಿಟ್ಟುಕೊಂಡಿತು. ಕೊಯ್ದು ಹಂಚಿಕೊಳ್ಳುವವರು ಗರಗಸದ ಹಲ್ಲಿನ ಚಾಕು ತೆಗೆದುಕೊಳ್ಳಿ, ಬೇರೆ ಚಾಕು ಪದರಗಳನ್ನು ಜಜ್ಜಿಬಿಡುತ್ತದೆ. ಫ್ರಿಜ್ಜಿನಲ್ಲಂತೂ ಇಡಲೇಬೇಡಿ. ಇಂಥದ್ದೊಂದು ತಿಂಡಿ ಇದಕ್ಕೆ ಮೊದಲು ಜಗತ್ತಿನಲ್ಲಿ ಇರಲಿಲ್ಲ.

ಬಸವನಗುಡಿ ಬಾಣಸಿಗ: "ಜಗತ್ತಿನಲ್ಲಿ ಇರಲಿಲ್ಲ" ಅಂದುಬಿಟ್ಟಿರಲ್ಲ ಮೇಡಂ, ಮದುವೆ ಊಟದ ಎಲೆಯಲ್ಲಿ ಚಿರೋಟಿ ಬಡಿಸಿಸಿಕೊಂಡವರೇ ಅಲ್ಲವೇ ನೀವು? ಪದರ ಪದರ ಹಿಟ್ಟು, ನಡುವೆ ಜಿಡ್ಡು, ಎಣ್ಣೆಯಲ್ಲಿ ಕರಿಯೋದು, ಮೇಲೆ ಪುಡಿ ಸಕ್ಕರೆ, ಬಾದಾಮಿ ಹಾಲು. ನಮ್ಮ ಅಡುಗೆಭಟ್ಟರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದನ್ನೇ ಅವರು ಉಂಗುರದ ಆಕಾರಕ್ಕೆ ಕತ್ತರಿಸಿದ್ದಾರೆ, ಅಷ್ಟೇ.

ಹಿಟ್ಟು ನೀರು ಉಪ್ಪು: ಪದರ ಇದ್ದ ಮಾತ್ರಕ್ಕೆ ಎರಡೂ ಒಂದೇ ಆಗಲ್ಲ ಸಾರ್. ಬೇಕರಿ ಕೆಲಸವೇ ನನ್ನ ಹೊಟ್ಟೆಪಾಡು, ಅದಕ್ಕೇ ಹೇಳ್ತಿದ್ದೀನಿ. ಕ್ರೋನಟ್ ಹಿಟ್ಟಿಗೆ ಉಬ್ಬಿಸೋ ಯೀಸ್ಟ್ ಹಾಕ್ತಾರೆ. ಹಿಟ್ಟು ತಣ್ಣಗಾಗಬೇಕು, ಬೆಣ್ಣೆಯ ಹಾಳೆ ಇಟ್ಟು ಮಡಿಸಬೇಕು, ಮತ್ತೆ ತಣ್ಣಗಾಗಬೇಕು, ಕತ್ತರಿಸಿ ಉಬ್ಬಲು ಬಿಡಬೇಕು. ಎಲ್ಲ ಸೇರಿ ಮೂರು ದಿನದ ಕೆಲಸ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಪಾಲು ನೀರು. ಕರಿಯುವಾಗ ಅದು ಆವಿಯಾಗಿ ಪದರ ಎತ್ತುತ್ತದೆ. ಚಿರೋಟಿಗೆ ಹಚ್ಚುವ ಸಾಟಿ ಅಂದರೆ ತುಪ್ಪ, ಅಕ್ಕಿಹಿಟ್ಟು. ತುಪ್ಪದಲ್ಲಿ ನೀರೆಲ್ಲಿದೆ?

ಬಸವನಗುಡಿ ಬಾಣಸಿಗ: ತುಪ್ಪದಲ್ಲಿ ನೀರಿಲ್ಲದಿದ್ದರೆ ಹಿಟ್ಟಿನಲ್ಲಿ ಇದೆಯಲ್ಲ ಸ್ವಾಮಿ! ನೀರು ಹಾಕದೆ ಯಾರಾದರೂ ಹಿಟ್ಟು ಕಲಸುತ್ತಾರಾ? ಸುರುಳಿ ಕತ್ತರಿಸಿ, ಹಗುರ ಕೈಯಲ್ಲಿ ಲಟ್ಟಿಸಿ, ಸಣ್ಣ ಉರಿಯಲ್ಲಿ ಬಿಟ್ಟು, ಸೌಟಿನಿಂದ ಬಿಸಿ ಎಣ್ಣೆ ಮೇಲೆ ಎರಚುತ್ತಿದ್ದರೆ ಪದರಗಳು ಕಣ್ಣೆದುರೇ ಬಿಚ್ಚಿಕೊಳ್ಳುತ್ತವೆ. ನೋಡಿದ್ದೀರಾ ನೀವು?

ಧಾರವಾಡದಾಕಿ: ಎಣ್ಣಿ ಎರಚೂದಾ? ಚಿರೋಟಿ ತುಪ್ಪದಾಗ ಕರೀಬೇಕ್ರೀ! ಎಣ್ಣ್ಯಾಗ ಕರದ್ರ ಎರಡ ದಿನಕ್ಕ ಕಮಟು ವಾಸನಿ ಹೊಡೀತದ. ಇಷ್ಟೂ ಗೊತ್ತಿಲ್ದ ಅಮೆರಿಕಾದವ್ರಿಗೆ ಪಾಠಾ ಹೇಳಾಕ ಬಂದೀರಿ?

ಬಸವನಗುಡಿ ಬಾಣಸಿಗ: "ಪಾಠ" ನಾನು ಹೇಳ್ತಿಲ್ಲಮ್ಮ, ಕಂಡದ್ದು ಹೇಳ್ತಿದ್ದೀನಿ. ಸಾವಿರ ಎಲೆಯ ಊಟಕ್ಕೆ ಬಾಣಲೆ ತುಂಬ ತುಪ್ಪ ಸುರಿಯೋಕೆ ಯಾರಿಂದ ಆಗುತ್ತೆ?

ಧಾರವಾಡದಾಕಿ: ಸಾವಿರ ಎಲಿ ಮಾತು ಇಲ್ಲ್ಯಾಕ ಬಂತು? ಮನ್ಯಾಗ ಮಾಡೋದು ತುಪ್ಪದಾಗೋ ಎಣ್ಣ್ಯಾಗೋ, ಅದನ್ನ ಹೇಳ್ರಿ.

ಕುಡ್ಲದ ಮಾಣಿ: ಎಂತ ಮಾರಾಯ್ರೇ, ಸುಳ್ಳಲ್ಲ ಅಂತ ತಲೆಬರಹ ಕೊಟ್ಟಿದ್ದಾರಲ್ಲ, ಅದರ ಬಗ್ಗೆ ಯಾರೂ ಮಾತಾಡುದಿಲ್ಲ. ಶುರುವಿನಲ್ಲಿ ಒಬ್ಬರಿಗೆ ಎರಡೇ ಅಂತ ಮಿತಿ ಹಾಕಿದ್ದರು, ಜನ ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಕ್ಯೂ ನಿಂತರು, ಬ್ಲ್ಯಾಕಿನಲ್ಲೂ ಮಾರಾಟ ಆಯ್ತು. ಅದು ಕ್ಯೂ ಕೊಟ್ಟ ಹೆಸರು, ರುಚಿ ಕೊಟ್ಟದ್ದಲ್ಲ. ನಾನು ಬೆಂಗಳೂರಿನ ಒಂದು ಅಂಗಡಿಯಲ್ಲಿ ಅದೇ ಥರದ್ದು ತಿಂದೆ. ಕಾಗದದ ಮೇಲೆ ಇಟ್ಟರೆ ಕಾಗದ ಪೂರ್ತಿ ಒದ್ದೆ.

ಜರ್ಸಿ ಕನ್ನಡತಿ: ಕ್ಯೂ ಒಂದೇ ಕಾರಣ ಆಗಿದ್ದರೆ ಒಂದು ಬೇಸಿಗೆಗೆ ಮುಗಿಯುತ್ತಿತ್ತು. ಟೈಮ್ ಪತ್ರಿಕೆ ಆ ವರ್ಷದ ಅತ್ಯುತ್ತಮ ಆವಿಷ್ಕಾರಗಳ ಪಟ್ಟಿಯಲ್ಲಿ ಸೇರಿಸಿತು. ಪ್ರತಿ ತಿಂಗಳು ರುಚಿ ಬದಲಾಯಿಸುತ್ತಾರೆ. ಹೆಸರಿಗೆ ಟ್ರೇಡ್‌ಮಾರ್ಕ್ ಕೂಡ ಇದೆ.

ಹಿಟ್ಟು ನೀರು ಉಪ್ಪು: ಕಾಗದ ಒದ್ದೆ ಆಯ್ತು ಅಂದರೆ ಆ ಅಂಗಡಿಯವರ ಕೈ ಸರಿಯಿಲ್ಲ ಅಂತ, ತಿಂಡಿಯ ತಪ್ಪಲ್ಲ. ಉಬ್ಬಲು ಇಟ್ಟ ಜಾಗ ತುಂಬ ಬೆಚ್ಚಗಿದ್ದರೆ ಬೆಣ್ಣೆ ಕರಗಿ ಹಿಟ್ಟಿಗೆ ಇಳಿಯುತ್ತದೆ, ಪದರ ಸತ್ತುಹೋಗುತ್ತದೆ. ಎಣ್ಣೆ ಸಾಕಷ್ಟು ಕಾಯದಿದ್ದರೆ ಹಿಟ್ಟು ಎಣ್ಣೆ ಕುಡಿಯುತ್ತದೆ. ಕ್ರೋನಟ್ ಕಂಡುಹಿಡಿದ ಆನ್ಸೆಲ್ ದ್ರಾಕ್ಷಿ ಬೀಜದ ಎಣ್ಣೆ ಬಳಸುವುದು ಸುಮ್ಮನೆ ಅಲ್ಲ, ಅದಕ್ಕೆ ತನ್ನದೇ ವಾಸನೆ ಕಡಿಮೆ, ಕಾವೂ ತಡೆಯುತ್ತದೆ.

ಬಸವನಗುಡಿ ಬಾಣಸಿಗ: "ಟ್ರೇಡ್‌ಮಾರ್ಕ್"! ಅದು ಹೆಸರಿಗೆ ಕೊಡೋದು ಮೇಡಂ, ಮಾಡುವ ವಿಧಾನಕ್ಕಲ್ಲ. ಬೇರೆಯವರು ಬೇರೆ ಹೆಸರಿಟ್ಟು ಅದನ್ನೇ ಮಾರಬಹುದು. ಹಾಗಾದರೆ ಹೊಸದೇನು ಉಳಿಯಿತು? ಟೈಮ್ ಪತ್ರಿಕೆಯವರ ಎಲೆಗೆ ಚಿರೋಟಿ ಬಡಿಸಿದ್ದರೆ ಪಟ್ಟಿ ಬೇರೆಯೇ ಆಗುತ್ತಿತ್ತು.

ಹಿಟ್ಟು ನೀರು ಉಪ್ಪು: ಬಾಣಸಿಗರೇ, ಒಂದು ಪ್ರಶ್ನೆ. ಚಿರೋಟಿ ಒಳಗೂ ಹೊರಗೂ ಗರಿಗರಿ. ಕೈಯಲ್ಲಿ ಅಮುಕಿದರೆ ಪುಡಿ. ಕ್ರೋನಟ್ ಒಳಗೆ ಬ್ರೆಡ್ಡಿನಂತೆ ಎಳೆ ಬರುತ್ತದೆ. ಆ ಎಳೆ ಯೀಸ್ಟ್ ಇಲ್ಲದ ಹಿಟ್ಟಿನಲ್ಲಿ ಬರಿಸಿ ತೋರಿಸಿ, ನಾನು ಬಾಯಿ ಮುಚ್ಚಿಕೊಳ್ತೀನಿ.

ಬಸವನಗುಡಿ ಬಾಣಸಿಗ: ಪುಡಿ ಆಗೋದೇ ಚಿರೋಟಿಯ ಹೆಚ್ಚುಗಾರಿಕೆ ರೀ. ಪುಡಿಯಾದದ್ದಕ್ಕೆ ತಾನೇ ಬಾದಾಮಿ ಹಾಲು ಹೀರಿಕೊಳ್ಳೋದು. ಕೆಟ್ಟ ಗುಣ ಅನ್ನೋ ಹಾಗೆ ಬರೀಬೇಡಿ.

ಜರ್ಸಿ ಕನ್ನಡತಿ: ನಾನು ಬರೆದದ್ದು ಕ್ರೋನಟ್ ಬಗ್ಗೆ. ಚಿರೋಟಿ ಕೆಟ್ಟದ್ದು ಅಂತ ಇಲ್ಲಿ ಯಾರೂ ಹೇಳಿಲ್ಲ. ತಿಂದವರು ಯಾರಾದರೂ ಇದ್ದರೆ ರುಚಿಯ ಬಗ್ಗೆ ಬರೆಯಿರಿ, ಇಲ್ಲದವರು ಚಿರೋಟಿಗೆ ಬೇರೆ ಚರ್ಚೆ ಶುರು ಮಾಡಿಕೊಳ್ಳಿ.

ಕುಡ್ಲದ ಮಾಣಿ: ಕ್ರೋನಟ್ ಹಿಟ್ಟಿಗೆ ಮೊಟ್ಟೆ ಉಂಟಲ್ಲ? ಮನೆಯಲ್ಲಿ ಮಾಡ್ಲಿಕ್ಕೆ ಆನ್ಸೆಲ್ ಅವರೇ ಕೊಟ್ಟ ರೆಸಿಪಿಯಲ್ಲಿ ಮೊಟ್ಟೆಯ ಬಿಳಿ ಇದೆ. ಅದನ್ನು ಮೊದಲೇ ಬರೆಯಬೇಕಿತ್ತು. ಇಲ್ಲಿ ಮೊಟ್ಟೆ ತಿನ್ನದವರು ಎಷ್ಟೋ ಜನ ಇದ್ದಾರೆ.

ಜರ್ಸಿ ಕನ್ನಡತಿ: ಕ್ರೊಸಾಂಟ್, ಡೋನಟ್ ತಿನ್ನುವವರು ಮೊಟ್ಟೆ ಇದೆಯಾ ಅಂತ ಕೇಳಿಯೇ ತಿನ್ನುತ್ತಾರೆ. ಇದಕ್ಕೂ ಕೇಳಲಿ.

ಬಸವನಗುಡಿ ಬಾಣಸಿಗ: ಚಿರೋಟಿಗೆ ಆ ಕೇಳುವ ಕೆಲಸವೇ ಇಲ್ಲ ನೋಡಿ.

ಧಾರವಾಡದಾಕಿ: ಮೊಟ್ಟಿ ವಿಚಾರ ಆಮ್ಯಾಲ. ತುಪ್ಪದಾಗೋ ಎಣ್ಣ್ಯಾಗೋ, ನನ್ನ ಮಾತಿಗೆ ಉತ್ತರಾ ಇನ್ನೂ ಬಂದಿಲ್ಲ.